ಒಂದು ಅಂಗಡಿ ನೂರಾದದ್ದು ಹೇಗೆ? ಚಿನ್ನದ ಮನೆತನಗಳ ಕಥೆ, ನಮ್ಮ ನಾಲ್ಕು ತಾಲ್ಲೂಕಿನ ಲೆಕ್ಕ

ಹುಣಸೂರು: ತಂಬಾಕು ಹರಾಜಿನ ದುಡ್ಡು ರೈತರ ಖಾತೆಗೆ ಬೀಳೋಕೆ ಶುರುವಾದ ಮೇಲೆ ಮೈಸೂರಿನ ಬಸ್ಸು ಹತ್ತುವವರಲ್ಲಿ ಒಡವೆ ಕೊಳ್ಳೋಕೆ ಹೊರಟವರೂ ಇರ್ತಾರೆ. ಇದು ನಮ್ಮ ಪೇಟೆಯ ಚಿನ್ನದಂಗಡಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹುಣಸೂರಿನಿಂದ ಒಂದು ಗಂಟೆ, ಕೆ.ಆರ್.ನಗರದಿಂದ ಒಂದು ಗಂಟೆ, ಎಚ್.ಡಿ.ಕೋಟೆಯಿಂದ ಸ್ವಲ್ಪ ಜಾಸ್ತಿ, ಪಿರಿಯಾಪಟ್ಟಣದಿಂದ ಇನ್ನೂ ಸ್ವಲ್ಪ ಜಾಸ್ತಿ. ಮದುವೆ ಒಡವೆ ಅಂದ್ರೆ ಮೈಸೂರು ಅನ್ನೋದು ಬಹಳ ಮನೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಓಲೆ, ಮೂಗುತಿ, ಕಾಲುಂಗುರ, ರಿಪೇರಿ, ಗಿರವಿ ಇಷ್ಟು ಮಾತ್ರ ಊರಿನ ಅಂಗಡಿಗೆ.

2025ರ ಏಪ್ರಿಲ್‌ನಲ್ಲಿ ಅಪರಂಜಿ ಚಿನ್ನ 10 ಗ್ರಾಂಗೆ 1 ಲಕ್ಷ ರೂಪಾಯಿ ದಾಟಿತು. 2017ರ ಸುಮಾರಿಗೆ ಇದೇ 10 ಗ್ರಾಂ 30 ಸಾವಿರದ ಆಸುಪಾಸಿನಲ್ಲಿತ್ತು. ಬೆಲೆ ಮೂರು ಪಟ್ಟಿಗಿಂತ ಮೇಲೆ ಹೋದಾಗ ಒಂದು ಸಣ್ಣ ಮೋಸ, ಒಂದು ಸಣ್ಣ ಅಜಾಗರೂಕತೆ ಕೂಡ ಮೂರು ಪಟ್ಟು ದುಬಾರಿ ಆಗುತ್ತೆ. ಹಾಗಾಗಿ 'ದೊಡ್ಡ ಅಂಗಡಿಯೋ, ಊರಿನ ಅಂಗಡಿಯೋ' ಅನ್ನೋ ಪ್ರಶ್ನೆಯನ್ನು ಈಗ ಸರಿಯಾಗಿ ಕೇಳಿಕೊಳ್ಳಬೇಕು. ಅದಕ್ಕೆ ಮೊದಲು ಈ ದೊಡ್ಡ ಅಂಗಡಿಗಳು ದೊಡ್ಡದಾದದ್ದು ಹೇಗೆ ಅಂತ ತಿಳ್ಕೋಬೇಕು. ಯಾಕಂದ್ರೆ ಇವತ್ತು ಟಿವಿಯಲ್ಲಿ, ಬಸ್ಸಿನ ಹಿಂಭಾಗದಲ್ಲಿ ಕಾಣುವ ಹೆಸರುಗಳಲ್ಲಿ ಬಹುಪಾಲು ಒಂದು ಕಾಲದಲ್ಲಿ ಒಂದೇ ಊರಿನ, ಒಂದೇ ಮನೆಯ ಅಂಗಡಿಗಳು. ನಮ್ಮ ಪೇಟೆ ಬೀದಿಯಲ್ಲಿ ಇರುವಂಥವೇ.

ಬೆಳ್ಳಿಯಿಂದ ಶುರುವಾದ ಉಡುಪಿ ಮೂಲದ ಮನೆತನ

ಹಳೇ ಮೈಸೂರು ಸೀಮೆಗೆ ಮೊದಲು ನೆನಪಾಗುವ ಹೆಸರು ಬೆಂಗಳೂರಿನ ಸಿ. ಕೃಷ್ಣಯ್ಯ ಚೆಟ್ಟಿ ಅವರದ್ದು. 1869ರಲ್ಲಿ ಶುರುವಾದ ಅಂಗಡಿ. ದಂಡು ಪ್ರದೇಶದ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೆಸರು ಮಾಡಿತು, ಮೈಸೂರು ಅರಮನೆಗೂ ಒಡವೆ ಒದಗಿಸಿತು. ಆ ಕಾಲದ ಚಿನ್ನದಂಗಡಿ ಹೀಗೇ ಇರ್ತಿತ್ತು: ಒಂದು ಊರು, ಒಂದು ಬೀದಿ, ಒಂದು ಮನೆತನ. ಗಿರಾಕಿ ಅಂಗಡಿಗೆ ಬರೋದು ಯಜಮಾನರ ಮುಖ ನೋಡಿ.

ಎರಡನೇ ಕಥೆ ಭೀಮಾದ್ದು. ಉಡುಪಿ ಮೂಲದ ಭೀಮ ಭಟ್ಟರು 1925ರಲ್ಲಿ ಕೇರಳದ ಆಲಪ್ಪುಳದಲ್ಲಿ ಅಂಗಡಿ ಇಟ್ಟರು. ಶುರು ಮಾಡಿದ್ದು ಬೆಳ್ಳಿ ವ್ಯಾಪಾರದಿಂದ, ಆಮೇಲೆ ಚಿನ್ನ. ಆಗ ಒಡವೆ ಬೇಕಾದವರು ಅಕ್ಕಸಾಲಿಗರಿಗೆ ಚಿನ್ನ ಕೊಟ್ಟು, ವಾರಗಟ್ಟಲೆ ಕಾದು ಮಾಡಿಸಿಕೊಳ್ತಿದ್ರು. ಒಡವೆಯನ್ನ ಮುಂಚೆಯೇ ಮಾಡಿಸಿಟ್ಟು, ಬಂದವರು ನೋಡಿ, ಆರಿಸಿ, ಅವತ್ತೇ ಮನೆಗೆ ಒಯ್ಯುವ ಹಾಗೆ ಮಾಡಿದ್ದು ಭೀಮದಂಥ ಅಂಗಡಿಗಳ ಬೆಳವಣಿಗೆಗೆ ದೊಡ್ಡ ಕಾರಣ. ಇವತ್ತು ನಮಗೆ ಇದು ಸಾಮಾನ್ಯ ಅನ್ನಿಸುತ್ತೆ. ಆದ್ರೆ ಅವತ್ತು ಅಂಗಡಿಯವನು ಗಿರಾಕಿಯ ಚಿನ್ನದಿಂದ ಅಲ್ಲ, ತನ್ನ ಸ್ವಂತ ಬಂಡವಾಳದ ಚಿನ್ನದಿಂದ ಒಡವೆ ಮಾಡಿಸಿ ಇಡಬೇಕಿತ್ತು. ಅಂದ್ರೆ ಸ್ಟಾಕು ಬೇಕು. ಈ 'ಸ್ಟಾಕು' ಅನ್ನೋ ಮಾತು ನೆನಪಿರಲಿ, ಮುಂದಿನ ಕಥೆಯೆಲ್ಲಾ ಅದರ ಮೇಲೇ ನಿಂತಿದೆ.

ಮೂರನೆಯದು ನಮಗೆ ಇನ್ನೂ ಹತ್ತಿರದ್ದು. ಪಿರಿಯಾಪಟ್ಟಣದಿಂದ ಬಿ.ಎಂ. ರಸ್ತೆ ಹಿಡಿದು ಮಡಿಕೇರಿಗೆ ಹೋದವರು ಮುಳಿಯದ ಬೋರ್ಡು ನೋಡಿರ್ತೀರಿ. ಅದು 1944ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಅಂಗಡಿ. ಪುತ್ತೂರು ಅಂದ್ರೆ ಅಡಿಕೆ ವ್ಯಾಪಾರದ ತಾಲ್ಲೂಕು ಕೇಂದ್ರ, ನಮ್ಮ ಹುಣಸೂರಿನ ಹಾಗೇ ಬೆಳೆಯ ದುಡ್ಡಿನ ಮೇಲೆ ನಡೆಯುವ ಪೇಟೆ. ತಾಲ್ಲೂಕು ಮಟ್ಟದ ಅಂಗಡಿ ಬೇರೆ ಜಿಲ್ಲೆಗೆ ಹೋಗಿ ಬಾಗಿಲು ತೆರೆಯಬಹುದು ಅನ್ನೋದಕ್ಕೆ ದೂರದ ಉದಾಹರಣೆ ಬೇಕಿಲ್ಲ.

1963ರಿಂದ 1990: ಕಾನೂನು ಹಾಕಿದ ಬೀಗ

ಹಾಗಾದ್ರೆ 1925ರಲ್ಲೋ 1944ರಲ್ಲೋ ಶುರುವಾದ ಅಂಗಡಿಗಳು ಐವತ್ತು, ಅರವತ್ತು ವರ್ಷ ಯಾಕೆ ಒಂದೆರಡು ಊರಿಗೇ ನಿಂತವು? ಗಿರಾಕಿ ಇರಲಿಲ್ಲ ಅಂತಲ್ಲ. ಚಿನ್ನ ಇಟ್ಕೊಳ್ಳೋಕೆ ಸರ್ಕಾರ ಬಿಡಲಿಲ್ಲ.

ಚೀನಾ ಯುದ್ಧದ ಬೆನ್ನಲ್ಲೇ, 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮಗಳು ಬಂದವು. ಆಗ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ. 14 ಕ್ಯಾರೆಟ್‌ಗಿಂತ ಹೆಚ್ಚಿನ ಶುದ್ಧತೆಯ ಹೊಸ ಒಡವೆ ಮಾಡುವ ಹಾಗಿಲ್ಲ ಅಂತ ಆಯಿತು. 22 ಕ್ಯಾರೆಟ್ ಬಿಟ್ಟು ಬೇರೆ ಗೊತ್ತಿಲ್ಲದ ನಮ್ಮ ಜನ 14 ಕ್ಯಾರೆಟ್ ತಾಳಿ ಕೊಳ್ತಾರಾ? ಅಕ್ಕಸಾಲಿಗರ ಕುಲುಮೆ ತಣ್ಣಗಾಯಿತು. ದೇಶದುದ್ದಕ್ಕೂ ಲಕ್ಷಾಂತರ ಕುಟುಂಬಗಳು ಕೆಲಸ ಕಳ್ಕೊಂಡವು. ಗಲಾಟೆ ಜೋರಾದ ಮೇಲೆ 1966ರಲ್ಲಿ ಕ್ಯಾರೆಟ್ ಮಿತಿ ತೆಗೆದರು, ಆದ್ರೆ ನಿಯಂತ್ರಣ ಹೋಗಲಿಲ್ಲ. 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂತು. ಜನ ಗಟ್ಟಿ ಚಿನ್ನ, ನಾಣ್ಯ ಇಟ್ಕೊಳ್ಳುವ ಹಾಗಿಲ್ಲ. ಅಕ್ಕಸಾಲಿಗನ ಹತ್ತಿರ 100 ಗ್ರಾಂಗಿಂತ ಹೆಚ್ಚು ಇರಬಾರದು. ಲೈಸೆನ್ಸ್ ಇರುವ ವ್ಯಾಪಾರಿಗೂ, ಅವನ ಕೈಕೆಳಗೆ ಎಷ್ಟು ಜನ ಕೆಲಸಗಾರರಿದ್ದಾರೆ ಅನ್ನೋದರ ಮೇಲೆ ಹೆಚ್ಚೆಂದರೆ 2 ಕಿಲೋ.

ಈಗ ಯೋಚನೆ ಮಾಡಿ. ಇವತ್ತಿನ ಒಂದು ದೊಡ್ಡ ಷೋರೂಮು ಬಳೆಗೊಂದು ಕೌಂಟರು, ಸರಕ್ಕೊಂದು ಕೌಂಟರು ತುಂಬಿಸಿಡಬೇಕಂದ್ರೆ 2 ಕಿಲೋ ಯಾವ ಮೂಲೆಗೆ? ಹತ್ತು ಊರಲ್ಲಿ ಷೋರೂಮು ತೆರೆಯೋದಂತೂ ಕನಸಿನ ಮಾತು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ಮಧು ದಂಡವತೆ ಹಣಕಾಸು ಮಂತ್ರಿಯಾಗಿದ್ದಾಗ ಈ ಕಾಯ್ದೆ ರದ್ದಾಯಿತು. ಬೀಗ ತೆಗೆದರು. ಮೂರೇ ವರ್ಷದಲ್ಲಿ ಬಾಗಿಲು ತಳ್ಕೊಂಡು ಒಳಗೆ ಬಂದವರು ಯಾರು ಅಂತ ನೋಡಿದ್ರೆ ಕಥೆ ಅರ್ಥ ಆಗುತ್ತೆ.

1993: ಒಂದೇ ವರ್ಷ, ಎರಡು ದೊಡ್ಡ ಹೆಸರು

1993ರಲ್ಲಿ ಟಿ.ಎಸ್. ಕಲ್ಯಾಣರಾಮನ್ ತ್ರಿಶೂರಿನಲ್ಲಿ ಕಲ್ಯಾಣ್ ಜ್ಯುವೆಲ್ಲರ್ಸ್ ಶುರು ಮಾಡಿದರು. ಅವರದ್ದು ಬಟ್ಟೆ ವ್ಯಾಪಾರದ ಮನೆತನ. ಅದೇ ವರ್ಷ ಕೋಝಿಕ್ಕೋಡಿನಲ್ಲಿ ಮಲಬಾರ್ ಗೋಲ್ಡ್ ಹುಟ್ಟಿತು. ಅದೇ ದಶಕದಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ ಕಟ್ಟಿದ್ದ ಟೈಟಾನ್ ಕಂಪನಿಯಿಂದ, ನಮ್ಮ ಗಡಿಯಾಚೆಯ ಹೊಸೂರಿನಲ್ಲಿ, ತನಿಷ್ಕ್ ಬಂತು. ತ್ರಿಶೂರಿನಲ್ಲೇ 1956ರಲ್ಲಿ ಶುರುವಾಗಿದ್ದ ಆಲುಕ್ಕಾಸ್ ಮನೆತನದ ಅಂಗಡಿಯೂ ಈ ಕಾಲದಲ್ಲೇ ಊರೂರಿಗೆ ಹಬ್ಬಿತು.

ಎಲ್ಲರೂ ಒಂದೇ ಕಾಲಕ್ಕೆ ದಿಢೀರ್ ಬುದ್ಧಿವಂತರಾದರಾ? ಇಲ್ಲ. ಸ್ಟಾಕು ಇಡೋಕೆ ಅವಕಾಶ ಸಿಕ್ಕಿತು, ಬ್ಯಾಂಕು ಸಾಲ ಸಿಕ್ಕಿತು, ಗಲ್ಫಿನ ದುಡ್ಡು ಕೇರಳಕ್ಕೆ ಹರಿಯುತ್ತಿತ್ತು. ಇದ್ದ ಅವಕಾಶವನ್ನು ಮೊದಲು ಹಿಡಿದವರು ಬೆಳೆದರು.

ಕಲ್ಯಾಣ್ ಕಥೆಯನ್ನ ನಮ್ಮ ಅಂಗಡಿಯವರು ಸ್ವಲ್ಪ ಗಮನವಿಟ್ಟು ನೋಡಬೇಕು. ಮೊದಲು ಮನೆಯ ದುಡ್ಡು ಮತ್ತು ಬ್ಯಾಂಕಿನ ಸಾಲ. 2014ರಲ್ಲಿ ವಾರ್ಬರ್ಗ್ ಪಿಂಕಸ್ ಅನ್ನೋ ಅಮೆರಿಕದ ಹೂಡಿಕೆ ಸಂಸ್ಥೆ 1,200 ಕೋಟಿ ರೂಪಾಯಿ ಹಾಕಿತು. 2021ರ ಮಾರ್ಚ್‌ನಲ್ಲಿ ಷೇರು ಮಾರುಕಟ್ಟೆಗೆ ಬಂದು ಸುಮಾರು 1,175 ಕೋಟಿ ಎತ್ತಿದರು. 2022ರಿಂದ ಫ್ರಾಂಚೈಸಿ ದಾರಿ ಹಿಡಿದರು. ಅದರಲ್ಲಿ ಕಟ್ಟಡ, ಚಿನ್ನದ ಸ್ಟಾಕಿನ ಬಂಡವಾಳ ಆ ಊರಿನ ಹೂಡಿಕೆದಾರನದ್ದು, ಅಂಗಡಿ ನಡೆಸೋದು ಕಂಪನಿ. ಪ್ರತಿ ರಾಜ್ಯಕ್ಕೂ ಅಲ್ಲಿನ ಮುಖ: ತಮಿಳುನಾಡಿಗೆ ಪ್ರಭು, ಆಂಧ್ರಕ್ಕೆ ನಾಗಾರ್ಜುನ, ಕರ್ನಾಟಕಕ್ಕೆ ಶಿವರಾಜ್‌ಕುಮಾರ್. ಇದಲ್ಲದೆ 'ಮೈ ಕಲ್ಯಾಣ್' ಅಂತ ನೂರಾರು ಸಣ್ಣ ಊರುಗಳಲ್ಲಿ ಒಂದೊಂದು ಸಣ್ಣ ಕಚೇರಿ. ಅಲ್ಲಿ ಒಡವೆ ಮಾರೋದಿಲ್ಲ. ಅಲ್ಲಿನ ಹುಡುಗರು ಮನೆಮನೆಗೆ ಹೋಗಿ ಮದುವೆ ಇರೋ ಮನೆಗಳನ್ನ ಗುರುತು ಮಾಡಿ, ಕಂತಿನ ಸ್ಕೀಮಿಗೆ ಸೇರಿಸಿ, ದೊಡ್ಡ ಊರಿನ ಷೋರೂಮಿಗೆ ಕಳಿಸ್ತಾರೆ.

ಅಂದ್ರೆ ಚೈನ್ ಅಂಗಡಿ ನಮ್ಮ ತಾಲ್ಲೂಕಿಗೆ ಬರೋಕೆ ಇಲ್ಲಿ ಷೋರೂಮು ಕಟ್ಟಲೇಬೇಕಾಗಿಲ್ಲ. ಗಿರಾಕಿಯನ್ನ ಮನೆಯಲ್ಲೇ ಹಿಡಿದರೆ ಸಾಕು. ಫ್ರಾಂಚೈಸಿ ಬಂದ್ರೆ ಅಂಗಡಿಯೂ ಬರಬಹುದು, ಅದೂ ನಮ್ಮೂರಿನವರದ್ದೇ ದುಡ್ಡಿನಲ್ಲಿ.

ನಂಬಿಕೆ ಮುಖದಿಂದ ಕಾಗದಕ್ಕೆ

ಸ್ಟಾಕು, ಬಂಡವಾಳ ಸಿಕ್ಕರೂ ಒಂದು ತೊಡಕು ಉಳಿದಿತ್ತು. ಚಿನ್ನದ ವ್ಯಾಪಾರ ನಡೆಯೋದು ಯಜಮಾನನ ಮುಖದ ಮೇಲೆ. ತ್ರಿಶೂರಿನ ಯಜಮಾನನ ಮುಖ ಮೈಸೂರಿನ ಗಿರಾಕಿಗೆ ಗೊತ್ತಿಲ್ಲ. ಗೊತ್ತಿಲ್ಲದವನ ಹತ್ತಿರ ಲಕ್ಷಗಟ್ಟಲೆ ಚಿನ್ನ ಕೊಳ್ಳೋದು ಹೇಗೆ?

ಇದಕ್ಕೆ ಮೊದಲ ಉತ್ತರ ಕೊಟ್ಟದ್ದು ತನಿಷ್ಕ್. 1990ರ ದಶಕದ ಕೊನೆಗೆ ಅವರು ಅಂಗಡಿಯಲ್ಲಿ ಕ್ಯಾರಟ್‌ಮೀಟರ್ ಅನ್ನೋ ಯಂತ್ರ ಇಟ್ಟರು. ಒಡವೆಯನ್ನ ಕರಗಿಸದೆ, ಗೀರದೆ ನಿಮಿಷಗಳಲ್ಲಿ ಎಷ್ಟು ಕ್ಯಾರೆಟ್ ಅಂತ ತೋರಿಸುವ ಯಂತ್ರ. ಜನ ಮನೆಯ ಹಳೇ ಒಡವೆ ತಂದು ಇಟ್ಟು ನೋಡಿದರು. 22 ಅಂತ ಕೊಂಡದ್ದು 19, 20 ತೋರಿಸಿದಾಗ ಬಹಳ ಮನೆಗಳಲ್ಲಿ ತಲೆಮಾರಿನ ನಂಬಿಕೆ ಅಲ್ಲಾಡಿತು. 2000ದಲ್ಲಿ ಭಾರತೀಯ ಮಾನಕ ಬ್ಯೂರೋ, ಅಂದ್ರೆ ಬಿಐಎಸ್, ಚಿನ್ನಕ್ಕೆ ಹಾಲ್‌ಮಾರ್ಕ್ ಶುರು ಮಾಡಿತು. ಆಗ ಅದು ಬೇಕಾದವರಿಗೆ ಮಾತ್ರ. 2021ರ ಜೂನ್ 16ರಿಂದ ಹಂತ ಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯ ಆಯಿತು, ನಮ್ಮ ಮೈಸೂರು ಜಿಲ್ಲೆಯೂ ಅದರಲ್ಲಿದೆ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ನಂಬರ್ ಇಲ್ಲದ ಒಡವೆಯನ್ನ ಹಾಲ್‌ಮಾರ್ಕ್ ಒಡವೆ ಅಂತ ಮಾರುವ ಹಾಗಿಲ್ಲ.

ಇಲ್ಲೇ ಈ ಕಥೆಯ ತಿರುವು ಇರೋದು. ಕಾಗದದ ನಂಬಿಕೆ ಚೈನ್ ಅಂಗಡಿಗಳನ್ನ ಬೆಳೆಸಿತು ನಿಜ. ಆದ್ರೆ ಅದೇ ಮುದ್ರೆ ಈಗ ಎಲ್ಲರಿಗೂ ಒಂದೇ. ಒಂದು ಒಡವೆಗೆ ಹಾಲ್‌ಮಾರ್ಕ್ ಹಾಕಿಸೋಕೆ 45 ರೂಪಾಯಿ ಮತ್ತು ಜಿಎಸ್‌ಟಿ. ನೂರು ಷೋರೂಮು ಇರುವವನಿಗೂ 45, ಕೆ.ಆರ್.ನಗರದ ಹತ್ತಡಿ ಅಂಗಡಿಯವನಿಗೂ 45. ಪರೀಕ್ಷಾ ಕೇಂದ್ರದ ಯಂತ್ರ ಅಂಗಡಿಯ ಬೋರ್ಡು ನೋಡೋದಿಲ್ಲ. ಮುದ್ರೆ ಸರಿಯಾಗಿ ಬಿದ್ದಿದ್ರೆ 916 ಎಲ್ಲಿ ಕೊಂಡರೂ 916. 'ದೊಡ್ಡ ಅಂಗಡಿ ಚಿನ್ನವೇ ಶುದ್ಧ' ಅನ್ನೋ ಮಾತಿಗೆ ಮೊದಲಿನ ಆಧಾರ ಈಗ ಉಳಿದಿಲ್ಲ. ಹಾಗೇ 'ನಮ್ಮೂರ ಸೇಟು ಮೋಸ ಮಾಡಲ್ಲ, ನಮ್ಮ ಆಚಾರ್ರು ತಾತನ ಕಾಲದಿಂದ ಗೊತ್ತು' ಅನ್ನೋದೂ ಈಗ ಸಾಲದು. ಗೊತ್ತಿದ್ರೆ ಒಳ್ಳೇದೇ. ಮುದ್ರೆಯೂ ಇರಲಿ.

ಒಂದು ವಿನಾಯಿತಿ ಗಮನದಲ್ಲಿರಲಿ. ವರ್ಷಕ್ಕೆ 40 ಲಕ್ಷ ರೂಪಾಯಿ ತನಕ ವಹಿವಾಟು ಇರುವ ಅಂಗಡಿಗೆ ಹಾಲ್‌ಮಾರ್ಕ್ ಕಡ್ಡಾಯ ಅಲ್ಲ. 2 ಗ್ರಾಂಗಿಂತ ಕಡಿಮೆಯ ಒಡವೆಗೂ ಇಲ್ಲ. ಆದ್ರೆ ಗ್ರಾಂ 10 ಸಾವಿರದ ಲೆಕ್ಕದಲ್ಲಿ 40 ಲಕ್ಷ ಅಂದ್ರೆ ವರ್ಷಕ್ಕೆ 400 ಗ್ರಾಂ, ತಿಂಗಳಿಗೆ 33 ಗ್ರಾಂ ಚಿಲ್ಲರೆ. ಎರಡು ಸರ ಮಾರಿದ್ರೆ ತಿಂಗಳು ಮುಗೀತು. ಬೆಲೆ ಏರಿದಂತೆಲ್ಲಾ ಈ ವಿನಾಯಿತಿಯ ಒಳಗೆ ಉಳಿಯುವ ಅಂಗಡಿಗಳು ತಾನಾಗೇ ಕಮ್ಮಿಯಾಗ್ತಿವೆ. ಅದನ್ನ ನೆಚ್ಚಿಕೊಂಡು ಕೂತವರು ಈಗಲೇ ಲೆಕ್ಕ ನೋಡ್ಕೊಳ್ಳೋದು ವಾಸಿ.

ಕ್ಯಾರೆಟ್‌ನಲ್ಲಿ ಉಳಿಸಿದ್ದು ಮೇಕಿಂಗ್‌ನಲ್ಲಿ ಹೋಯ್ತಾ?

ಶುದ್ಧತೆ ಒಂದೇ ಆದ ಮೇಲೆ ವ್ಯತ್ಯಾಸ ಇರೋದು ಎಲ್ಲಿ? ಮೇಕಿಂಗ್ ಚಾರ್ಜು, ವೇಸ್ಟೇಜಿನಲ್ಲಿ. ಲೆಕ್ಕ ಸುಲಭ ಆಗಲಿ ಅಂತ 22 ಕ್ಯಾರೆಟ್ ಗ್ರಾಂಗೆ 10,000 ರೂಪಾಯಿ ಅಂತ ಇಟ್ಕೊಳ್ಳಿ. ಇವತ್ತಿನ ರೇಟು ಹಾಕಿ ನೀವೇ ಮತ್ತೆ ಲೆಕ್ಕ ಹಾಕಬಹುದು.

20 ಗ್ರಾಂ ಸರ. ಚಿನ್ನದ ಬೆಲೆ 2,00,000 ರೂಪಾಯಿ. ಒಂದು ಅಂಗಡಿ ಶೇ 8 ಮೇಕಿಂಗ್ ಹಾಕಿದ್ರೆ 16,000. ಮೇಲೆ ಶೇ 3 ಜಿಎಸ್‌ಟಿ ಸೇರಿ 2,22,480. ಇನ್ನೊಂದು ಅಂಗಡಿ ಶೇ 18 ಹಾಕಿದ್ರೆ 36,000. ಜಿಎಸ್‌ಟಿ ಸೇರಿ 2,43,080. ವ್ಯತ್ಯಾಸ 20,600 ರೂಪಾಯಿ. ಎರಡು ಗ್ರಾಂ ಚಿನ್ನಕ್ಕಿಂತ ಜಾಸ್ತಿ.

ಈಗ ಇದನ್ನ ಹಳೇ ಕಾಲದ ಮೋಸಕ್ಕೆ ಹೋಲಿಸಿ. 22 ಅಂತ ಹೇಳಿ 20 ಕ್ಯಾರೆಟ್ ಕೊಟ್ಟಿದ್ರೆ, ಅಂದ್ರೆ 916ರ ಜಾಗದಲ್ಲಿ 833, ಇದೇ 20 ಗ್ರಾಂ ಸರದಲ್ಲಿ ಆಗುವ ನಷ್ಟ 18 ಸಾವಿರದ ಆಸುಪಾಸು. ಕ್ಯಾರೆಟ್ ಮೋಸಕ್ಕೆ ಹೆದರಿ ಊರು ಬಿಟ್ಟು ಮೈಸೂರಿಗೆ ಹೋದವರು ಅಲ್ಲಿ ಮೇಕಿಂಗ್ ಕೇಳದೆ ಕೊಂಡರೆ ಅಷ್ಟೇ ದುಡ್ಡು ಬಿಟ್ಟು ಬರ್ತಾರೆ. ಒಂದೇ ವ್ಯತ್ಯಾಸ, ಇದು ಬಿಲ್ಲಿನಲ್ಲೇ ಬರೆದಿರುತ್ತೆ, ಕಾನೂನಿನ ಪ್ರಕಾರವೇ ಹೋಗುತ್ತೆ. ಮೇಕಿಂಗ್ ಇಷ್ಟೇ ಇರಬೇಕು ಅಂತ ಸರ್ಕಾರದ ಮಿತಿ ಯಾವುದೂ ಇಲ್ಲ.

ಕುಸುರಿ ಕೆಲಸಕ್ಕೆ ಕೂಲಿ ಹೆಚ್ಚಾಗೋದು ನ್ಯಾಯವೇ. ಟೆಂಪಲ್ ಡಿಸೈನಿನ ಹಾರಕ್ಕೂ ಯಂತ್ರದಲ್ಲಿ ಹೆಣೆದ ಚೈನಿಗೂ ಒಂದೇ ಕೂಲಿ ಆಗೋಲ್ಲ. ಆದ್ರೆ ನಮ್ಮ ಕಡೆ ಚಿನ್ನ ಬರೀ ಅಲಂಕಾರ ಅಲ್ಲ ಅನ್ನೋದು ಮರೀಬಾರದು. ಮೇ–ಜೂನ್ ಹೊತ್ತಿಗೆ ತಂಬಾಕು ನಾಟಿ, ಗೊಬ್ಬರ, ಕೂಲಿ, ಮಕ್ಕಳ ಸ್ಕೂಲ್ ಫೀಸು ಎಲ್ಲಾ ಒಟ್ಟಿಗೆ ಬಂದಾಗ ಒಡವೆ ಗಿರವಿಗೆ ಹೋಗುತ್ತೆ. ಹರಾಜಿನ ದುಡ್ಡು ಬಂದ ಮೇಲೆ ಬಿಡಿಸ್ಕೊಂಡು ಬರ್ತಾರೆ. ಬ್ಯಾಂಕಿನಲ್ಲಾಗಲಿ, ಫೈನಾನ್ಸ್ ಕಂಪನಿಯಲ್ಲಾಗಲಿ ಬೆಲೆ ಕಟ್ಟೋದು ಒಳಗಿರುವ ಚಿನ್ನಕ್ಕೆ ಮಾತ್ರ. ಕಲ್ಲಿಗಿಲ್ಲ, ಮೇಕಿಂಗಿಗಿಲ್ಲ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ತಂದ ಹೊಸ ನಿಯಮದ ಪ್ರಕಾರ 2.5 ಲಕ್ಷ ರೂಪಾಯಿ ತನಕದ ಸಾಲಕ್ಕೆ ಚಿನ್ನದ ಬೆಲೆಯ ಶೇ 85ರ ತನಕ ಕೊಡಬಹುದು. ಆ ಶೇ 85 ನೀವು ಕೊಟ್ಟ 2,43,080ಕ್ಕಲ್ಲ, ಒಳಗಿರುವ 2,00,000ಕ್ಕೆ. ವರ್ಷಕ್ಕೊಮ್ಮೆ ಗಿರವಿಗೆ ಹೋಗುವ ಒಡವೆಗೆ ಶೇ 18 ಮೇಕಿಂಗ್ ಕೊಡೋದು ಬೇಕಾ ಅಂತ ಮನೆಯಲ್ಲಿ ಕೂತು ಮಾತಾಡಬೇಕಾದ ವಿಷಯ.

ಕಂತಿನ ಸ್ಕೀಮು: 11 ತಿಂಗಳೇ ಯಾಕೆ?

ಚೈನ್ ಅಂಗಡಿಗಳು ಬೆಳೆದದ್ದಕ್ಕೆ ಇನ್ನೊಂದು ಇಂಧನ ಕಂತಿನ ಸ್ಕೀಮು. ತಿಂಗಳಿಗೆ 2,000 ಕಟ್ಟಿ, 11 ತಿಂಗಳಾದ ಮೇಲೆ ಒಡವೆ ತಗೊಳ್ಳಿ, ಮೇಕಿಂಗ್‌ನಲ್ಲಿ ರಿಯಾಯಿತಿ ಅಂತಾರೆ. ಅಂಗಡಿಗೆ ಇದು ಬಡ್ಡಿಯಿಲ್ಲದ ಬಂಡವಾಳ, ಜೊತೆಗೆ ಮುಂದಿನ ವರ್ಷದ ಗಿರಾಕಿ ಈಗಲೇ ಖಾತ್ರಿ.

ಹನ್ನೊಂದೇ ತಿಂಗಳು ಯಾಕೆ ಅಂದ್ರೆ, 2013ರ ಕಂಪನಿ ಕಾಯ್ದೆ ಮತ್ತು 2014ರ ಠೇವಣಿ ನಿಯಮಗಳ ಪ್ರಕಾರ ಸಾಮಾನಿಗೆ ಮುಂಗಡ ಪಡೆದ ಕಂಪನಿ 365 ದಿನದೊಳಗೆ ಅದನ್ನ ಸಾಮಾನಾಗಿ ತೀರಿಸಬೇಕು. ಮೀರಿದ್ರೆ ಅದು ಠೇವಣಿ ಅನ್ನಿಸಿಕೊಳ್ಳುತ್ತೆ, ಠೇವಣಿಯ ಕಾನೂನೆಲ್ಲಾ ಬಂದು ಕೂರುತ್ತೆ. ಅದಕ್ಕೇ ವರ್ಷದೊಳಗೆ ಮುಗಿಯುವ ಲೆಕ್ಕ.

ಸೇರುವವರು ಕೇಳಬೇಕಾದ್ದು ಒಂದೇ ಪ್ರಶ್ನೆ: ನನ್ನ ಕಂತು ರೂಪಾಯಿಯಲ್ಲಿ ಉಳಿಯುತ್ತಾ, ಗ್ರಾಂನಲ್ಲಿ ಉಳಿಯುತ್ತಾ? ರೂಪಾಯಿಯಲ್ಲಿ ಉಳಿದ್ರೆ 22,000 ಕಟ್ಟಿದವರಿಗೆ ಕೊನೆಯ ದಿನದ ರೇಟಿನಲ್ಲಿ ಚಿನ್ನ ಬರುತ್ತೆ. ಬೆಲೆ ಏರುವ ಕಾಲದಲ್ಲಿ ಇದು ನಷ್ಟ. ಪ್ರತಿ ತಿಂಗಳು ಅವತ್ತಿನ ರೇಟಿಗೆ ಗ್ರಾಂ ಬರೆದುಕೊಂಡ್ರೆ ಏರಿಕೆಯ ಲಾಭ ಕಟ್ಟಿದವರಿಗೆ. ಬೆಲೆ ಇಳಿದ್ರೆ ಉಲ್ಟಾ ಆಗುತ್ತೆ ಅನ್ನೋದೂ ಗೊತ್ತಿರಲಿ.

ಇನ್ನು ಅಪಾಯದ ಮಾತು. 2019ರಲ್ಲಿ ದೀಪಾವಳಿಗೆ ಕೆಲವೇ ದಿನ ಮುಂಚೆ ಮುಂಬೈ ಸುತ್ತಮುತ್ತ ಕೇರಳ ಮೂಲದ ಒಂದು ಚಿನ್ನದ ಚೈನ್ ಬಾಗಿಲು ಹಾಕಿತು, ಕಂತು ಕಟ್ಟಿದವರು ಪೊಲೀಸ್ ಠಾಣೆ ಮುಂದೆ ಸಾಲು ನಿಂತರು. 2020ರಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಚಿನ್ನದ ವ್ಯಾಪಾರಕ್ಕೆ ಹೂಡಿಕೆ ಅಂತ ಸಂಗ್ರಹಿಸಿದ ದುಡ್ಡಿನ ಪ್ರಕರಣದಲ್ಲಿ ಶಾಸಕರೊಬ್ಬರೇ ಬಂಧನಕ್ಕೊಳಗಾದರು. ಬೋರ್ಡು ದೊಡ್ಡದಿದ್ದ ಮಾತ್ರಕ್ಕೆ ದುಡ್ಡು ಭದ್ರ ಅಂತಲ್ಲ. ಹಾಗಂತ ಊರಿನಲ್ಲಿ ಒಂದು ಕಾರ್ಡಿನ ಮೇಲೆ ಸಹಿ ಹಾಕಿ ನಡೆಸುವ ಒಡವೆ ಚೀಟಿ ಭದ್ರ ಅಂತಲೂ ಅಲ್ಲ. 2019ರಲ್ಲಿ ಬಂದ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಸಣ್ಣ ಅಂಗಡಿಗೂ ಅನ್ವಯ ಆಗುತ್ತೆ. ಚೀಟಿ ನಡೆಸುವ ನಮ್ಮ ಅಂಗಡಿಯವರು ಒಮ್ಮೆ ಆಡಿಟರ್ ಹತ್ತಿರ ಕೇಳಿಕೊಳ್ಳೋದು ಅವರಿಗೇ ಕ್ಷೇಮ.

ಮನೆ ಭಾಗ ಆದ್ರೆ ಬೋರ್ಡು ಯಾರಿಗೆ?

ಮನೆತನದ ವ್ಯಾಪಾರ ಅಂದ ಮೇಲೆ ಭಾಗ ಆಗೋದು ಇದ್ದದ್ದೇ. ಭೀಮ ಭಟ್ಟರ ಮಕ್ಕಳ ಕಾಲಕ್ಕೆ ಒಂದೇ ಹೆಸರಿನ ಅಂಗಡಿಗಳು ಬೇರೆ ಬೇರೆ ಶಾಖೆಯವರ ಕೈಯಲ್ಲಿ, ಬೇರೆ ಬೇರೆ ಊರಿನಲ್ಲಿ ನಡೆಯುವಂತಾಯಿತು. ಆಲುಕ್ಕಾಸ್ ಅಣ್ಣತಮ್ಮಂದಿರು ಬೇರೆಯಾದ ಮೇಲೆ ಜೋಯಾಲುಕ್ಕಾಸ್ ಬೇರೆ, ಜೋಸ್ ಆಲುಕ್ಕಾಸ್ ಬೇರೆ. ಕಲ್ಯಾಣ್ ಸಿಲ್ಕ್ಸ್ ಮತ್ತು ಕಲ್ಯಾಣ್ ಜ್ಯುವೆಲ್ಲರ್ಸ್ ಅಣ್ಣತಮ್ಮಂದಿರದ್ದೇ ಆದರೂ ಮಾಲೀಕತ್ವ ಬೇರೆ.

ಗಿರಾಕಿಗೆ ಇದರಲ್ಲಿ ಪಾಠ ಇದೆ. ಒಂದೇ ಹೆಸರು ಇದ್ರೆ ಒಂದೇ ಅಂಗಡಿ ಅಂತಲ್ಲ. ಒಂದು ಕಡೆ ಕಟ್ಟಿದ ಕಂತು, ಒಂದು ಕಡೆಯ ಬೈಬ್ಯಾಕ್ ಮಾತು ಇನ್ನೊಂದು ಕಡೆ ನಡೆಯುತ್ತೆ ಅಂತ ಅಂದ್ಕೋಬೇಡಿ. ಬಿಲ್ಲಿನ ಮೇಲಿನ ಕಂಪನಿ ಹೆಸರು, ಜಿಎಸ್‌ಟಿ ನಂಬರ್ ನೋಡಿ.

ಅಂಗಡಿಯವರಿಗೂ ಪಾಠ ಇದೆ. ದೊಡ್ಡ ಮನೆತನಗಳು ಭಾಗ ಆದಾಗ ಊರು ಹಂಚ್ಕೊಂಡವು, ಹೆಸರು ಹಂಚ್ಕೊಂಡವು, ಕಾಗದ ಮಾಡ್ಕೊಂಡವು, ಆಮೇಲೆ ಎರಡೂ ಕಡೆ ಬೆಳೆದವು. ನಮ್ಮ ಪೇಟೆಗಳಲ್ಲಿ ಸಾಮಾನ್ಯವಾಗಿ ಆಗೋದು ಬೇರೆ: ಅಪ್ಪ ಇರೋ ತನಕ ಒಂದೇ ಗಲ್ಲಾ, ಒಂದೇ ಲೆಕ್ಕ. ಅಪ್ಪ ಹೋದ ಮೇಲೆ ಸ್ಟಾಕು ಯಾರದ್ದು, ಗಿರವಿ ಬಾಕಿ ಯಾರದ್ದು ಅನ್ನೋ ಜಗಳದಲ್ಲಿ ಅಂಗಡಿಗೇ ಬಾಗಿಲು. ಇನ್ನು ಕೆಲವು ಕಡೆ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿ ಇದ್ದಾನೆ, ಕುಲುಮೆ ಮುಂದೆ ಕೂರೋರೇ ಇಲ್ಲ.

ನಮ್ಮ ಪೇಟೆಯ ಅಂಗಡಿಗೆ ದಾರಿ ಇದೆಯಾ?

ಇದೆ. ಚೈನ್ ಅಂಗಡಿಗೆ ಜಾಹೀರಾತು, ಎಸಿ ಷೋರೂಮು, ಮಹಡಿ ಬಾಡಿಗೆ, ನೂರಾರು ಜನರ ಸಂಬಳ ಎಲ್ಲಾ ಇದೆ. ಅದೆಲ್ಲಾ ಎಲ್ಲಿಂದ ಬರಬೇಕು? ಮೇಕಿಂಗ್‌ನಿಂದಲೇ. ಊರಿನ ಅಂಗಡಿಗೆ ಆ ಖರ್ಚಿಲ್ಲ. ಶುದ್ಧತೆಯ ಮುದ್ರೆ ಒಂದೇ ಆದ ಮೇಲೆ ಕಡಿಮೆ ಮೇಕಿಂಗ್ ಅನ್ನೋದು ನಮ್ಮವರ ಕೈಯಲ್ಲಿರುವ ದೊಡ್ಡ ಆಯುಧ. ಅದನ್ನ ಬಳಸ್ತಿರೋರು ಕಮ್ಮಿ, ಯಾಕಂದ್ರೆ ಬಹಳ ಅಂಗಡಿಗಳಲ್ಲಿ ಮೇಕಿಂಗ್ ಎಷ್ಟು ಅಂತ ಬಿಡಿಸಿ ಬರೆಯೋ ಪದ್ಧತಿಯೇ ಇಲ್ಲ. 'ಒಟ್ಟು ಇಷ್ಟು ಕೊಡಿ ಅಣ್ಣ' ಅಂದ್ರೆ ಗಿರಾಕಿಗೆ ಹೋಲಿಸೋಕೆ ಏನೂ ಸಿಗೋಲ್ಲ. ಹೋಲಿಸೋಕೆ ಆಗದಿದ್ರೆ ಅವನು ದೊಡ್ಡ ಬೋರ್ಡಿಗೇ ಹೋಗ್ತಾನೆ.

ಬಿಐಎಸ್ ನೋಂದಣಿಗೆ ಈಗ ಶುಲ್ಕ ಇಲ್ಲ, ಒಮ್ಮೆ ಮಾಡಿಸಿದ್ರೆ ಅದೇ ಕೊನೆ ತನಕ. ರಿಪೇರಿ, ಅಳತೆ ಸರಿಮಾಡೋದು, ತಾಳಿ ಪೋಣಿಸೋದು, ಅರ್ಧ ರಾತ್ರಿ ಕಷ್ಟಕ್ಕೆ ಬಾಗಿಲು ತೆಗೆಯೋದು, ಇವೆಲ್ಲಾ ಮೈಸೂರಿನ ಷೋರೂಮು ಕೊಡೋಕೆ ಆಗದ್ದು. ಇದರ ಜೊತೆ ಬಿಡಿಸಿ ಬರೆದ ಬಿಲ್ಲು ಸೇರಿದ್ರೆ ಗಿರಾಕಿ ಬಸ್ಸು ಹತ್ತೋಕೆ ಮುಂಚೆ ಒಂದು ಸಲ ಯೋಚನೆ ಮಾಡ್ತಾನೆ. ಬಿಲ್ಲು ಕೊಟ್ರೆ ತೆರಿಗೆ ಕಟ್ಟಬೇಕು ಅನ್ನೋ ಅಳುಕು ಇರಬಹುದು. ಆದ್ರೆ ತಂಬಾಕಿನ ದುಡ್ಡು ಬರೋದೇ ಬ್ಯಾಂಕ್ ಖಾತೆಗೆ, 2 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯುವ ಹಾಗೇ ಇಲ್ಲ, 2 ಲಕ್ಷ ಮೀರಿದ ಖರೀದಿಗೆ ಪಾನ್ ಬೇಕು. ಬಿಲ್ಲಿಲ್ಲದ ವ್ಯಾಪಾರದ ಜಾಗ ದಿನದಿನಕ್ಕೆ ಕಿರಿದಾಗ್ತಿದೆ.

ಕೊಳ್ಳುವವರು ನೋಡಬೇಕಾದ್ದು, ಅಂಗಡಿ ಯಾವುದೇ ಇರಲಿ

– ಒಡವೆ ಮೇಲೆ ಮೂರು ಗುರುತು: ಬಿಐಎಸ್ ತ್ರಿಕೋನ, 22ಕೆ916 ಅನ್ನೋ ಶುದ್ಧತೆ, ಆರು ಅಕ್ಷರ-ಅಂಕಿಯ ಎಚ್‌ಯುಐಡಿ. ಭೂತಗನ್ನಡಿ ಕೇಳಿ, ಅಂಗಡಿಯಲ್ಲಿ ಇಟ್ಟಿರಬೇಕು.

– ಮೊಬೈಲಿನಲ್ಲಿ 'ಬಿಐಎಸ್ ಕೇರ್' ಆ್ಯಪ್ ಹಾಕ್ಕೊಂಡು ಆ ನಂಬರ್ ಹೊಡೆಯಿರಿ. ಯಾವ ಅಂಗಡಿ, ಯಾವ ಪರೀಕ್ಷಾ ಕೇಂದ್ರ, ಯಾವ ಒಡವೆ ಅಂತ ಬರುತ್ತೆ. ಕೈಯಲ್ಲಿ ಬಳೆ, ಆ್ಯಪಿನಲ್ಲಿ ಉಂಗುರ ಅಂತ ಬಂದ್ರೆ ಅಲ್ಲೇ ನಿಲ್ಲಿಸಿ.

– ಬಿಲ್ಲಿನಲ್ಲಿ ಕಲ್ಲಿನ ತೂಕ ಕಳೆದ ನಿವ್ವಳ ಚಿನ್ನದ ತೂಕ, ಕ್ಯಾರೆಟ್, ಅವತ್ತಿನ ರೇಟು, ಮೇಕಿಂಗ್, ಹಾಲ್‌ಮಾರ್ಕ್ ಶುಲ್ಕ, ಜಿಎಸ್‌ಟಿ ಬೇರೆ ಬೇರೆ ಇರಲಿ.

– ಮೇಕಿಂಗ್ ಶೇಕಡಾ ಎಷ್ಟು ಅಂತ ಎರಡು ಅಂಗಡಿಯಲ್ಲಿ ಕೇಳಿ, ಒಂದು ಊರಿನದ್ದಾಗಿರಲಿ. ಚೌಕಾಸಿ ಮಾಡೋದು ತಪ್ಪಲ್ಲ.

– ವಾಪಸ್ ಕೊಟ್ರೆ ಎಷ್ಟು ಹಿಡಿತೀರಿ ಅನ್ನೋದನ್ನ ಬಿಲ್ಲಿನ ಮೇಲೆ ಬರೆಸಿ.

– ಮನೆಯ ಹಳೇ ಒಡವೆ ಬಗ್ಗೆ ಅನುಮಾನ ಇದ್ರೆ ಬಿಐಎಸ್ ಮಾನ್ಯತೆಯ ಕೇಂದ್ರದಲ್ಲಿ ನೀವೇ ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆ ತನಕ 200 ರೂಪಾಯಿ, ಐದು ಮೇಲ್ಪಟ್ಟು ಒಂದಕ್ಕೆ 45.

– ಹಾಲ್‌ಮಾರ್ಕ್ ಒಡವೆಯಲ್ಲೇ ಶುದ್ಧತೆ ಕಡಿಮೆ ಬಂದ್ರೆ, ಕಮ್ಮಿ ಬಿದ್ದ ಮೌಲ್ಯದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ಕೇಳುವ ಹಕ್ಕು ನಿಮಗಿದೆ. ಬಿಲ್ಲು ಇದ್ರೆ ಮಾತ್ರ.

ಚಿನ್ನದ ದೊಡ್ಡ ಮನೆತನಗಳು ನೂರು ವರ್ಷದಲ್ಲಿ ಕಲಿತದ್ದು ಇಷ್ಟೇ: ಯಜಮಾನನ ಮುಖದ ಮೇಲಿದ್ದ ನಂಬಿಕೆಯನ್ನ ಬಿಲ್ಲಿಗೆ, ಮುದ್ರೆಗೆ ಇಳಿಸಿದವರು ಊರಾಚೆಗೂ ವ್ಯಾಪಾರ ಮಾಡಿದರು. ಆ ಮುದ್ರೆ ಈಗ 45 ರೂಪಾಯಿಗೆ ಪಿರಿಯಾಪಟ್ಟಣದ ಅಂಗಡಿಗೂ ಸಿಗುತ್ತೆ. ಮುಂದಿನ ಹರಾಜಿನ ಹೊತ್ತಿಗೆ ನಮ್ಮ ನಾಲ್ಕು ತಾಲ್ಲೂಕಿನ ಪೇಟೆಗಳಲ್ಲಿ ಎಷ್ಟು ಅಂಗಡಿ 'ಮೇಕಿಂಗ್ ಶೇಕಡಾ ಇಷ್ಟು' ಅಂತ ಗೋಡೆ ಮೇಲೆ ಬರೆದು ಹಾಕ್ತಾರೆ ಅನ್ನೋದರ ಮೇಲೆ ಆ ದುಡ್ಡು ಊರಲ್ಲಿ ಉಳಿಯುತ್ತಾ, ಬಸ್ಸು ಹತ್ತುತ್ತಾ ಅನ್ನೋದು ತೀರ್ಮಾನ ಆಗುತ್ತೆ.